ಅಜ್ಜಿಗೆ ಕೋಳಿ ಸೂಪು



ನಮ್ಮ ಸಕಲೇಶಪುರದ ಕಡೆ ಪುಷ್ಯ ಮಳೆ ಹಿಡಿದರೆ ಬಿಸಿಲು ಕಾಣೋದೇ ಅಪರೂಪ. ಹೋದ ವರ್ಷ ಅದೇ ಮಳೆಯಲ್ಲಿ ನಮ್ಮ ಅಜ್ಜಿಗೆ ಜ್ವರ ಬಂತು. ಡಾಕ್ಟರ ಮಾತ್ರೆಯಿಂದ ಜ್ವರ ಬಿಟ್ಟರೂ ಊಟ ಸೇರಲಿಲ್ಲ. ಎದ್ದು ನಿಲ್ಲಲೂ ಶಕ್ತಿ ಇರಲಿಲ್ಲ. ಆಗ ಅಮ್ಮ, ಮೊಟ್ಟೆ ಇಡೋದು ನಿಲ್ಲಿಸಿದ್ದ ನಮ್ಮ ಕೆಂಪು ಹ್ಯಾಟೆಯನ್ನು ಕೊಯ್ಯಿಸಿದರು. ಅದನ್ನು ಮರಿಯಿಂದ ಸಾಕಿದವನು ನಾನು. ಬೇಜಾರಾಯಿತು. ಆದರೂ ಒಲೆ ಪಕ್ಕ ಕೂತು ಸೂಪು ಮಾಡುವುದನ್ನು ಕಲಿತೆ.

ಮಾಡುವ ವಿಧಾನ: ಗರಿ ಕಿತ್ತ ಕೋಳಿಯನ್ನು ಬೆಂಕಿಯಲ್ಲಿ ಸುಟ್ಟು, ಅರಿಶಿನ ಹಚ್ಚಿ ತೊಳೆಯಬೇಕು. ಕಾಲಿನ ಹೊರಚರ್ಮ ಸುಲಿದು, ಉಗುರು ಕತ್ತರಿಸಬೇಕು. ಕಾಲು, ಕತ್ತು, ರೆಕ್ಕೆ, ಬೆನ್ನಿನ ಮೂಳೆ ಮತ್ತು ಮಾಂಸವನ್ನು ಪಾತ್ರೆಗೆ ಹಾಕಿ, ಅದರ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ತಣ್ಣೀರು ಹಾಕಬೇಕು. ಕುದಿ ಬಂದಾಗ ನೊರೆ ತೆಗೆದು, ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಹಾಕಿ. ಆಮೇಲೆ ಸೌದೆ ಹಿಂದಕ್ಕೆಳೆದು, ಸಣ್ಣ ಉರಿಯಲ್ಲಿ 3 ಗಂಟೆ ಬೇಯಿಸಿ. ಕೊನೆಗೆ ಉಪ್ಪು ಮತ್ತು ತೋಟದ ಕಾಳುಮೆಣಸಿನ ಪುಡಿ.

ನಾವು ಮಾಡಿದ ತಪ್ಪು: ಸತ್ವವೆಲ್ಲ ನೀರಿಗೆ ಇಳಿದಿದೆ ಅಂತ ಅಜ್ಜಿಗೆ ಬರೀ ತಿಳಿ ಕೊಟ್ಟು, ಮಾಂಸ ನಾವು ತಿಂದೆವು! ಉಳಿದ ಸೂಪು ಫ್ರಿಜ್ಜಿನಲ್ಲಿ ಬೆಳಗಾಗುವಷ್ಟರಲ್ಲಿ ಜೆಲ್ಲಿ ತರಹ ಗಟ್ಟಿಯಾಗಿತ್ತು. ಯಾಕೆ ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಚರ್ಮ ಮತ್ತು ಕೀಲುಗಳಲ್ಲಿ ಕೊಲಾಜನ್ ಎಂಬ ಪ್ರೋಟೀನ್ ಇದೆ, ಅದು ನಿಧಾನವಾಗಿ ಬೆಂದು ಜೆಲಟಿನ್ ಆಗುತ್ತದೆ ಎಂದರು. ವಯಸ್ಸಾದ ಕೋಳಿಯಲ್ಲಿ ಕೊಲಾಜನ್ ಗಟ್ಟಿ. ಅದಕ್ಕೇ ಅಷ್ಟು ಹೊತ್ತು ಬೇಯಿಸೋದು. ಆದರೆ ಜೆಲಟಿನ್ ಪೂರ್ಣ ಪ್ರೋಟೀನ್ ಅಲ್ಲ, ಟ್ರಿಪ್ಟೋಫ್ಯಾನ್ ಎಂಬ ಅಗತ್ಯ ಅಂಶ ಅದರಲ್ಲಿಲ್ಲ. ಮೂಳೆಯ ಕ್ಯಾಲ್ಸಿಯಂ ಕೂಡ ನೀರಿಗೆ ಬರುವುದು ಬಹಳ ಕಡಿಮೆ. 100 ಗ್ರಾಂ ರಾಗಿಯಲ್ಲಾದರೋ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ.

ಅವತ್ತಿನಿಂದ ಉಳಿದ ಮಾಂಸವನ್ನು ನುಣ್ಣಗೆ ಬಿಡಿಸಿ, ಮೆತ್ತಗಿನ ಅನ್ನಕ್ಕೆ ಬೆರೆಸಿ, ಸೂಪಿನ ಜೊತೆ ಕೊಟ್ಟೆವು. ಮುಗಿದ ಮೇಲೆ ಮೊಟ್ಟೆ, ರಾಗಿ ಗಂಜಿ. ವಾರ ಕಳೆಯುವುದರೊಳಗೆ ಅಜ್ಜಿ ಗೋಡೆ ಹಿಡಿದುಕೊಂಡು ಜಗಲಿಗೆ ಬಂದರು. "ನಿನ್ ಹ್ಯಾಟೆ ನನ್ನ ಎಬ್ಬಿಸ್ತು ಕಣ್ ಮಗಾ" ಅಂದರು. ನನಗೆ ಅಳು, ನಗು ಎರಡೂ ಬಂತು.

ಸ್ನೇಹಿತರೇ, ಉಳಿದ ಸೂಪನ್ನು ಮತ್ತೆ ಚೆನ್ನಾಗಿ ಕುದಿಸಿಯೇ ಕೊಡಿ. ಕಾಯಿಲೆಯವರಿಗೆ ತಿಳಿ ಮಾತ್ರ ಕೊಟ್ಟು ಮಾಂಸ ನೀವು ತಿನ್ನಬೇಡಿ!

– 9ನೇ ತರಗತಿ ವಿದ್ಯಾರ್ಥಿ