ಹಳಿಯಿಲ್ಲದ ನಿಲ್ದಾಣ, ಚಕ್ರ ಕಟ್ಟಿದ ಹಡಗು

ಹಳಿಯೇ ಇಲ್ಲದ ರೈಲು ನಿಲ್ದಾಣ ಕಂಡಿದ್ದೀರಾ? ಇಂಗ್ಲೆಂಡಿನ ಹಲ್ ಊರಲ್ಲಿ ಒಂದಿತ್ತು! ಹೆಸರು ಹಲ್ ಕಾರ್ಪೊರೇಷನ್ ಪಿಯರ್. ರೈಲ್ವೆ ಕಟ್ಟಿಸಿದ ಕಟ್ಟಡ, ರೈಲ್ವೆಯ ಟಿಕೆಟ್. ಆದರೆ ರೈಲು ಒಂದು ದಿನವೂ ಅಲ್ಲಿಗೆ ಬರಲಿಲ್ಲ. ಬರುತ್ತಿದ್ದದ್ದು ಹಡಗು, ಅದೂ ರೈಲ್ವೆಯದೇ ಹಡಗು! ಎರಡೂ ಪಕ್ಕೆಗೆ ದೊಡ್ಡ ಚಕ್ರ ಕಟ್ಟಿಕೊಂಡು, ಕಲ್ಲಿದ್ದಲ ಹೊಗೆ ಉಗುಳುತ್ತ, ಹಂಬರ್ ಅಳಿವೆಯ ಕೆಸರು ನೀರನ್ನು ಬಡಿಯುತ್ತ ಬರುತ್ತಿತ್ತು.

ಆಚೆ ದಡದ ನ್ಯೂ ಹಾಲೆಂಡಿನ ಸೊಬಗೇ ಬೇರೆ. ಅಲ್ಲಿ ನೀರಿನೊಳಕ್ಕೆ ಉದ್ದಕ್ಕೆ ಚಾಚಿದ ಕಟ್ಟೆಯ ಮೇಲೆ ರೈಲೇ ತುದಿಯವರೆಗೆ ಬಂದು ನಿಲ್ಲುತ್ತಿತ್ತು. ಬೋಗಿಯಿಂದ ಇಳಿದು ನಾಲ್ಕು ಹೆಜ್ಜೆ ನಡೆದರೆ ಹಡಗು!

ಆದರೆ ಚಕ್ರ ಯಾಕೆ? ಹಂಬರ್‌ ಅಳಿವೆಯ ತಳದಲ್ಲಿ ಮರಳುದಿಬ್ಬಗಳಿವೆ, ಅವು ನಿಂತಲ್ಲಿ ನಿಲ್ಲುವುದಿಲ್ಲ. ಹಿಂಬದಿಯ ಪ್ರೊಪೆಲರ್‌ಗೆ ಆಳದ ನೀರು ಬೇಕು. ಪಕ್ಕದ ಚಕ್ರಕ್ಕೆ ತೆಳು ನೀರೂ ಸಾಕು. ಅಷ್ಟಾದರೂ ಇಳಿತದ ಹೊತ್ತಿನಲ್ಲಿ ಹಡಗು ಮರಳಿಗೆ ಕಚ್ಚಿಕೊಂಡರೆ ಮುಗಿಯಿತು, ಉಬ್ಬರ ಬರುವವರೆಗೆ ಗಂಟೆಗಟ್ಟಲೆ ನಡುನೀರಿನಲ್ಲೇ ವಾಸ. ರೈಲು ತಡವಾದರೆ ನಾವು ಸಿಗ್ನಲ್ಲನ್ನು ಬೈಯುತ್ತೇವೆ. ಅವರು ಚಂದ್ರನನ್ನು ಬೈಯಬೇಕಿತ್ತು!

1934ರಲ್ಲಿ ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆಗಾಗಿ ಹಾರ್ಟಲ್‌ಪೂಲ್‌ನಲ್ಲಿ ಎರಡು ಅವಳಿ ಹಡಗುಗಳು ಹುಟ್ಟಿದವು, ಟ್ಯಾಟರ್‌ಶಾಲ್ ಕ್ಯಾಸಲ್ ಮತ್ತು ವಿಂಗ್‌ಫೀಲ್ಡ್ ಕ್ಯಾಸಲ್. ಎರಡನೇ ಮಹಾಯುದ್ಧದ ನಡುವೆ ಗ್ಲಾಸ್ಗೋದ ತಂಗಿ ಲಿಂಕನ್ ಕ್ಯಾಸಲ್ ಬಂದು ಸೇರಿದಳು. ಜನ, ಕಾರು, ದನಕರು, ಎಲ್ಲವೂ ಒಂದೇ ಹಡಗಿನ ಸವಾರಿ! ಇನ್ನೂ ಸೋಜಿಗ ಕೇಳಿ: ಬೈಸಿಕೊಂಡ ಆ ಚಂದ್ರನ ಮೇಲೆ ಮನುಷ್ಯ ಕಾಲಿಟ್ಟು ಬಂದ ಮೇಲೂ, 1978ರವರೆಗೆ, ಲಿಂಕನ್ ಕ್ಯಾಸಲ್‌ನ ಒಡಲಲ್ಲಿ ಆಳುಗಳು ಸಲಿಕೆಯಿಂದ ಕಲ್ಲಿದ್ದಲು ತುಂಬುತ್ತಿದ್ದರು. ಆಮೇಲೂ ಓಡಿದ ಫ್ಯಾರಿಂಗ್‌ಫರ್ಡ್ ಡೀಸೆಲ್ಲಿನದು, ಆದರೆ ಅದಕ್ಕೂ ಪಕ್ಕದಲ್ಲಿ ಚಕ್ರವೇ!

ಲಿಂಕನ್ ಕ್ಯಾಸಲ್ ಹೋಟೆಲಾಗಿ ಕೆಲಕಾಲ ಬದುಕಿ, 2010ರಲ್ಲಿ ಗುಜರಿಗೆ ಹೋಯಿತು. ನನಗಂತೂ ಇದು ಹೊಟ್ಟೆ ಉರಿಸುವ ಸಂಗತಿ. ವಿಂಗ್‌ಫೀಲ್ಡ್ ತವರೂರು ಹಾರ್ಟಲ್‌ಪೂಲ್‌ನ ಮ್ಯೂಸಿಯಂ ಸೇರಿತು. ಟ್ಯಾಟರ್‌ಶಾಲ್ ಲಂಡನ್ನಿನ ಥೇಮ್ಸ್ ದಡದಲ್ಲಿ ಪಬ್ ಆಗಿ ನಿಂತಿತು!

1981ರ ಜೂನ್ 24ರಂದು ಹಂಬರ್ ಸೇತುವೆ ಸಂಚಾರಕ್ಕೆ ತೆರೆಯಿತು. ರೈಲ್ವೆಯ ಹಡಗು ಅಂದೇ ನಿಂತಿತು. ಸೇತುವೆಯ ಕಂಬದಿಂದ ಕಂಬಕ್ಕೆ 1,410 ಮೀಟರ್, ಆಗ ಜಗತ್ತಿನಲ್ಲೇ ಅತಿ ಉದ್ದದ ತೂಗುಸೇತುವೆಯ ಹರವು. ಆದರೆ ಆ ಸೇತುವೆಯ ಮೇಲೂ ಹಳಿ ಇಲ್ಲ! ರೈಲಿನಲ್ಲಿ ಬಂದವರು ಆಚೆ ದಡದ ಬಾರ್ಟನ್‌ನಲ್ಲಿ ಇಳಿದು, ಹಲ್‌ಗೆ ಬಸ್ ಹಿಡಿಯಬೇಕು.