ಒಂಬತ್ತು ಅಕ್ಷದ ಯಂತ್ರ, ಎರಡು ಅಕ್ಷದ ಅರ್ಜಿ

ಒಂದು ರಾಜ್ಯವು ತನ್ನ ಗಡಿಯನ್ನು ದಾಟಗೊಡಬಾರದೆಂದು ಬರೆದಿಟ್ಟ ಸರಕುಗಳ ಪಟ್ಟಿಯಲ್ಲಿ ತೋಪು ಮದ್ದುಗುಂಡುಗಳನ್ನು ಕಂಡರೆ ಯಾರಿಗೂ ಆಶ್ಚರ್ಯವಾಗದು. ಆದರೆ ಅದೇ ಪಟ್ಟಿಯಲ್ಲಿ ಪಂಪು, ಕವಾಟ, ಇಂಗಾಲದ ನೂಲು, ಲೋಹ ಕಡೆಯುವ ಯಂತ್ರ ಮುಂತಾದ, ಯಾವ ಕಾರ್ಖಾನೆಯ ಮೂಲೆಯಲ್ಲಾದರೂ ಕಾಣಸಿಗತಕ್ಕ ಸಾಧು ಪದಾರ್ಥಗಳೂ ಸೇರಿರುವುದನ್ನು ನೋಡಿದವನು ಒಂದು ಕ್ಷಣ ತಡೆದು ನಿಲ್ಲುವನು. ಶಾಂತಿಗೂ ಸಮರಕ್ಕೂ ಒಂದೇ ಸಮನಾಗಿ ಸಲ್ಲುವ ಇಂಥ ವಸ್ತುಗಳ ಮೇಲೆ ಸರ್ಕಾರವು ಇಟ್ಟ ಕಾವಲು ಕೊನೆಗೂ ಮಾರುವವನು ತುಂಬಿಕೊಡುವ ಅರ್ಜಿಯ ಪ್ರಾಮಾಣಿಕತೆಯನ್ನೇ ಆಶ್ರಯಿಸಿ ನಿಂತಿದೆಯೆಂಬುದನ್ನು 1980ರ ದಶಕದ ಒಂದು ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನ ಬೇರೊಂದಿಲ್ಲವೆಂದು ನನ್ನ ಎಣಿಕೆ.

ಶೀತಲ ಸಮರವು ಮೊಳೆಯುತ್ತಿದ್ದ 1949ರಲ್ಲಿ ಅಮೆರಿಕವೂ ಅದರ ಪಶ್ಚಿಮ ಯೂರೋಪಿನ ಮಿತ್ರರೂ ಸೇರಿ, ಸೋವಿಯತ್ ಪಾಳೆಯಕ್ಕೆ ಏನನ್ನು ಮಾರಬಹುದು, ಏನನ್ನು ಮಾರಕೂಡದು ಎಂಬುದನ್ನು ನಿಶ್ಚಯಿಸುವುದಕ್ಕಾಗಿ ಕೊಕಾಂ ಎಂಬ ಸಮಿತಿಯನ್ನು ರಚಿಸಿ ಪ್ಯಾರಿಸ್ಸಿನಲ್ಲಿ ಅದರ ಕಚೇರಿಯನ್ನು ತೆರೆದರು. ಅದಕ್ಕೆ ಒಪ್ಪಂದಪತ್ರದ ಆಧಾರವಿರಲಿಲ್ಲ. ದಂಡಿಸುವ ಅಧಿಕಾರವೂ ಇರಲಿಲ್ಲ. ಎಲ್ಲರೂ ಒಮ್ಮತದಿಂದ ಅಂಗೀಕರಿಸಿದ ಪಟ್ಟಿಯನ್ನು ಆಯಾ ದೇಶವು ತನ್ನ ತನ್ನ ಕಾನೂನಿನ ಬಲದಿಂದ ನಡೆಯಿಸಬೇಕಾಗಿತ್ತು. 1952ರಲ್ಲಿ ಜಪಾನೂ ಈ ಕೂಟದೊಳಕ್ಕೆ ಬಂದಿತು.

ಈಗ ಯಂತ್ರದ ಮಾತು. ಸಮುದ್ರದಾಳದಲ್ಲಿ ಅಡಗಿ ಸಂಚರಿಸುವ ಜಲಾಂತರ್ಗಾಮಿಯ ಗುಟ್ಟನ್ನು ರಟ್ಟುಮಾಡುವುದು ಅದರ ಸದ್ದು. ಪ್ರೊಪೆಲ್ಲರಿನ ಅಲಗು ನೀರನ್ನು ಸೀಳಿಕೊಂಡು ತಿರುಗುವಾಗ ಅದರ ಬೆನ್ನಿನ ಮೇಲೆ ಒತ್ತಡವು ಕುಸಿದು ಸಣ್ಣ ಸಣ್ಣ ಗುಳ್ಳೆಗಳು ಹುಟ್ಟುತ್ತವೆ. ಹುಟ್ಟಿದ ಮರುಕ್ಷಣದಲ್ಲಿಯೇ ಅವು ಕುಗ್ಗಿ ಸಿಡಿಯುತ್ತವೆ. ಆ ಸಿಡಿತದ ಶಬ್ದವನ್ನು ಅಮೆರಿಕದ ನೌಕಾಬಲವು ಕಡಲ ತಳದಲ್ಲಿ ಹಾಸಿದ್ದ ಶ್ರವಣಯಂತ್ರಗಳ ಸಾಲು ಬಹುದೂರದಿಂದಲೇ ಆಲಿಸುತ್ತಿತ್ತು. ಅಲಗಿನ ಮೈ ಎಷ್ಟು ನಿಖರವೋ ಗದ್ದಲ ಅಷ್ಟು ಕಡಿಮೆ. ಆ ಮೈಯಾದರೋ ಸರಳರೇಖೆಯ ಹೆಸರೇ ಇಲ್ಲದಂತೆ ಉದ್ದಕ್ಕೂ ತಿರುಚಿಕೊಂಡದ್ದು. ಅದನ್ನು ಕೈಯಿಂದ ಉಜ್ಜಿ ಹದಕ್ಕೆ ತರುವುದು ಬಹು ಪ್ರಯಾಸದ ಕೆಲಸ. ಕತ್ತರಿಸುವ ಉಪಕರಣವನ್ನು ಗಣಕದ ಆಜ್ಞೆಯಂತೆ ಒಂಬತ್ತು ಅಕ್ಷಗಳಲ್ಲಿ ಚಲಿಸಗೊಡುವ ಬೃಹತ್ ಮಿಲ್ಲಿಂಗ್ ಯಂತ್ರವೊಂದಿದ್ದರೆ ಆ ಪ್ರಯಾಸ ತಪ್ಪುತ್ತದೆ. ಅಂಥ ಯಂತ್ರವನ್ನು ನಿರ್ಮಿಸಬಲ್ಲ ಕೆಲವೇ ಸಂಸ್ಥೆಗಳಲ್ಲಿ ಜಪಾನಿನ ತೋಷಿಬಾ ಮಷೀನ್ ಒಂದಾಗಿತ್ತು.

ಮಾಸ್ಕೋದ ಬೇಡಿಕೆ ಆ ಸಂಸ್ಥೆಗೆ ತಲುಪಿದುದು ವ್ಯಾಪಾರಿ ಮಧ್ಯವರ್ತಿ ಸಂಸ್ಥೆಯೊಂದರ ಮೂಲಕ. ಎರಡಕ್ಕಿಂತ ಹೆಚ್ಚಿನ ಅಕ್ಷಗಳು ಏಕಕಾಲದಲ್ಲಿ ನಡೆಯುವ ಯಂತ್ರವನ್ನು ಕೊಕಾಂ ನಿಷೇಧಿಸಿತ್ತು. ಎರಡು ಅಕ್ಷದ್ದಕ್ಕೆ ಅಡ್ಡಿಯಿರಲಿಲ್ಲ. ಕಾನೂನು ಚಾಪೆಯ ಕೆಳಗೆ ತೂರಿದರೆ ವ್ಯಾಪಾರ ರಂಗೋಲಿಯ ಕೆಳಗೆ ತೂರಿತು: ಟೋಕಿಯೋದ ವಾಣಿಜ್ಯ ಮಂತ್ರಾಲಯಕ್ಕೆ ಸಲ್ಲಿಸಿದ ಅರ್ಜಿಯಲ್ಲಿ ಆ ಮಹಾಯಂತ್ರವು ಎರಡು ಅಕ್ಷದ ಸಾಮಾನ್ಯ ಲೇತಾಗಿ ಅವತರಿಸಿತು. ಅದರ ಮಿದುಳಾದ ನಿಯಂತ್ರಕವನ್ನು ಒದಗಿಸಿದ ನಾರ್ವೆಯ ಕಾಂಗ್ಸ್‌ಬರ್ಗ್ ಸಂಸ್ಥೆ, ಸ್ವತಃ ಸರ್ಕಾರದ್ದೇ ಆಗಿದ್ದರೂ, ತನ್ನ ಸರ್ಕಾರಕ್ಕೆ ಅದೇ ಸುಳ್ಳನ್ನೇ ಒಪ್ಪಿಸಿತು. ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಹಡಗೇರಿದ ಉಕ್ಕಿನ ಭಾಗಗಳನ್ನು ನೋಡಿ ಅಕ್ಷಗಳನ್ನು ಎಣಿಸಬಲ್ಲ ಸುಂಕದ ಅಧಿಕಾರಿ ಯಾವ ದೇಶದಲ್ಲಿದ್ದಾನು? ಲೆನಿನ್‌ಗ್ರಾಡಿನ ಬಾಲ್ಟಿಕ್ ಹಡಗುಕಟ್ಟೆಯಲ್ಲಿ ಇಂಥ ನಾಲ್ಕು ಯಂತ್ರಗಳು ಸ್ಥಾಪಿತವಾದವು.

ಮಧ್ಯವರ್ತಿ ಸಂಸ್ಥೆಯಲ್ಲಿದ್ದ ನೌಕರನೊಬ್ಬನು 1985ರ ಡಿಸೆಂಬರಿನಲ್ಲಿ ಕೊಕಾಂಗೆ ಪತ್ರ ಬರೆದು ಎಲ್ಲವನ್ನೂ ತಿಳಿಸಿದನು. ಆ ದೂರಿನ ಮೇರೆಗೆ ಜಪಾನಿನ ವಾಣಿಜ್ಯ ಮಂತ್ರಾಲಯವು ಕಂಪನಿಯನ್ನು ವಿಚಾರಿಸಿತು, ಕಂಪನಿ ಇಲ್ಲವೆಂದಿತು, ಮಂತ್ರಾಲಯವು ಒಪ್ಪಿಕೊಂಡಿತು. ಕಳ್ಳನನ್ನೇ ಕರೆದು ಕದ್ದೆಯಾ ಎಂದು ಕೇಳಿ ಸಮಾಧಾನಪಡುವ ಈ ತನಿಖಾಕ್ರಮವು ಜಪಾನಿಗಷ್ಟೇ ವಿಶಿಷ್ಟವಾದುದೆಂದು ನಾನು ಭಾವಿಸಲಾರೆ. 1987ರಲ್ಲಿ ಸಂಗತಿ ಬಹಿರಂಗವಾದಾಗ ಅಮೆರಿಕದಲ್ಲಿ ಎದ್ದ ರೋಷವು ಅಷ್ಟಿಷ್ಟಲ್ಲ. ವಾಷಿಂಗ್ಟನ್ನಿನ ಸಂಸದ್ಭವನದ ಮುಂದೆ ಕೆಲವು ಕಾಂಗ್ರೆಸ್ ಸದಸ್ಯರು ಸುತ್ತಿಗೆಗಳನ್ನು ಹಿಡಿದು, ಈ ಪಾಪದಲ್ಲಿ ಯಾವ ಪಾಲೂ ಇಲ್ಲದ ತೋಷಿಬಾ ರೇಡಿಯೋವೊಂದನ್ನು ಕ್ಯಾಮೆರಾಗಳ ಎದುರು ಪುಡಿಪುಡಿ ಮಾಡಿದರು. ಮಾತೃಸಂಸ್ಥೆಯಾದ ತೋಷಿಬಾದ ಅಧ್ಯಕ್ಷರೂ ಮುಖ್ಯಾಧಿಕಾರಿಯೂ ಪದತ್ಯಾಗ ಮಾಡಿದರು. ಕ್ಷಮಾಪಣೆಯ ಜಾಹೀರಾತುಗಳು ಅಮೆರಿಕದ ಪತ್ರಿಕೆಗಳಲ್ಲಿ ಪುಟ ತುಂಬ ಪ್ರಕಟವಾದವು. ಜಪಾನಿನ ನ್ಯಾಯಾಲಯವು ಮಾತ್ರ ತೋಷಿಬಾ ಮಷೀನಿಗೆ ವಿಧಿಸಿದ ದಂಡ 20 ಲಕ್ಷ ಯೆನ್. ಅಷ್ಟು ಭಾರಿ ಯಂತ್ರೋದ್ಯಮಕ್ಕೆ ಅದು ಕೈಖರ್ಚಿನ ಮೊತ್ತ.

ಸೋವಿಯತ್ ಜಲಾಂತರ್ಗಾಮಿಗಳು ನಿಶ್ಶಬ್ದವಾದುದು ಈ ಯಂತ್ರಗಳಿಂದಲೇ ಎಂದು ಆಗ ಅನೇಕರು ಪ್ರತಿಪಾದಿಸಿದರು. ಈ ವಾದವನ್ನು ಹಾಗೆಯೇ ಸ್ವೀಕರಿಸಲು ನನ್ನ ಮನಸ್ಸು ಒಪ್ಪದು. ಯಂತ್ರಗಳು ಲೆನಿನ್‌ಗ್ರಾಡನ್ನು ಮುಟ್ಟುವ ಮೊದಲೇ ಆ ಜಲಾಂತರ್ಗಾಮಿಗಳ ಸದ್ದು ಇಳಿಯತೊಡಗಿತ್ತು. ಅವುಗಳ ಸುಳಿವು ಎಷ್ಟು ಸುಲಭವಾಗಿ ಸಿಗುತ್ತಿದೆಯೆಂಬುದನ್ನು ಅಮೆರಿಕದ ನೌಕಾಬಲದಲ್ಲಿದ್ದ ಜಾನ್ ವಾಕರ್ ಎಂಬ ಗೂಢಚಾರನು ಮಾಸ್ಕೋಗೆ ವರ್ಷಗಟ್ಟಲೆ ತಿಳಿಸುತ್ತಲೇ ಬಂದಿದ್ದನು. ಇತರ ಪಾಶ್ಚಾತ್ಯ ದೇಶಗಳ ಯಂತ್ರಗಳೂ ಹಿಂದೆಯೇ ಅಲ್ಲಿಗೆ ತಲುಪಿದ್ದವೆಂದು ನಾರ್ವೆಯ ಪೊಲೀಸ್ ತನಿಖೆಯೇ ಹೇಳಿತು.

1994ರಲ್ಲಿ ಕೊಕಾಂ ವಿಸರ್ಜಿತವಾಗಿ, ಅದರ ಸ್ಥಾನಕ್ಕೆ 1996ರಲ್ಲಿ ವಾಸೆನಾರ್ ವ್ಯವಸ್ಥೆ ಬಂದಿತು. ದಶಕಗಳ ಕಾಲ ಇಂಥ ಪಟ್ಟಿಗಳ ಹೊರಗೆ ನಿಂತು ನಿರಾಕರಣೆಯನ್ನು ಅನುಭವಿಸಿದ ಭಾರತವು 2017ರ ಡಿಸೆಂಬರಿನಲ್ಲಿ ಅದರ ಸದಸ್ಯತ್ವ ಪಡೆದು, ಕಾವಲುಗಾರರ ಸಾಲಿನಲ್ಲಿ ತಾನೂ ನಿಂತಿತು. ಇಂದು ಪೀಣ್ಯದ ಉದ್ಯಮಿಯೊಬ್ಬನು ಐದು ಅಕ್ಷದ ನಿಖರ ಯಂತ್ರವನ್ನು ಕಟ್ಟಿ ಪರದೇಶಕ್ಕೆ ಮಾರಹೊರಟನೆಂದರೆ, ಅದು ನಿಯಂತ್ರಿತ ರಫ್ತುಗಳ ನಮ್ಮ ಸ್ಕೊಮೆಟ್ ಪಟ್ಟಿಯ ಮಿತಿಯೊಳಗೆ ಬರುವುದೋ ಇಲ್ಲವೋ ಎಂಬುದನ್ನು ಮೊದಲು ತಾನೇ ನಿರ್ಧರಿಸಬೇಕು. ಬರುವುದಾದರೆ ಕೊಳ್ಳುವವನು ಅದನ್ನು ಯಾವ ಕೆಲಸಕ್ಕೆ ಬಳಸುವನೆಂಬ ಪ್ರಮಾಣಪತ್ರದೊಡನೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಪಡೆಯಬೇಕು. ಯಂತ್ರವನ್ನೇ ಕಳುಹಿಸದೆ, ಅದನ್ನು ಕಟ್ಟುವ ನಿಯಂತ್ರಿತ ನಕ್ಷೆಯನ್ನೋ ತಂತ್ರಾಂಶವನ್ನೋ ಇ-ಮೇಲಿನಲ್ಲಿ ಕಳುಹಿಸಿದರೂ ಕಾನೂನಿನ ದೃಷ್ಟಿಯಲ್ಲಿ ಅದು ರಫ್ತೇ. ಆ ದಾರಿಗಾದರೋ ಬಂದರೂ ಇಲ್ಲ, ಸುಂಕದ ಕಟ್ಟೆಯೂ ಇಲ್ಲ.