ಗುಡುಗಿದ ಮೋಡವೆಲ್ಲ ಸುರಿಯುವುದೇ?

ಮಾರ್ಚ್ ಬಂತೆಂದರೆ ಕಾಫಿ ಬೆಳೆಗಾರನ ಕಿವಿ ಗುಡುಗಿನ ಕಡೆಗೇ ಇರುತ್ತದೆ. ಆದರೆ ಗುಡುಗಿದಷ್ಟೂ ಮಳೆಯಾಗುವುದಿಲ್ಲ. ಮೇಲಿನ ತೋಟ ತೊಯ್ದರೂ ಕೆಳಗಿನ ತೋಟದಲ್ಲಿ ಧೂಳು ಸಹ ಅಡಗಿರುವುದಿಲ್ಲ. ಇದರ ಕಾರಣವನ್ನು ಸದಸ್ಯರು ತಿಳಿದಿರುವುದು ಒಳಿತು.

ಬೇಸಿಗೆಯ ಬಿಸಿಲಿಗೆ ನೆಲ ಕಾದಾಗ ತೇವದ ಗಾಳಿ ರಭಸದಿಂದ ಮೇಲೇರಿ, 12ರಿಂದ 15 ಕಿಲೋಮೀಟರ್ ಎತ್ತರದ ಮೋಡವಾಗುತ್ತದೆ. ಅಲ್ಲಿ ಹಿಮದ ಹರಳುಗಳೂ ಆಲಿಕಲ್ಲುಗಳೂ ಒಂದಕ್ಕೊಂದು ತಾಕಿ ವಿದ್ಯುತ್ತು ಹುಟ್ಟುತ್ತದೆ. ಮಿಂಚಿನ ಹಾದಿಯ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಒಮ್ಮೆಲೇ ಹಿಗ್ಗುವ ಸದ್ದೇ ಗುಡುಗು. ಆದುದರಿಂದ ಗುಡುಗು ಮಳೆಯನ್ನು ತರುವುದಿಲ್ಲ. ಎರಡೂ ಒಂದೇ ಮೋಡದ ಮಕ್ಕಳು. ಮಳೆಯೊಡನೆ ಇಳಿಯುವ ತಣ್ಣನೆಯ ಗಾಳಿ ಮೋಡಕ್ಕೆ ಬೇಕಾದ ಬಿಸಿಗಾಳಿಯನ್ನೇ ತಡೆಯುವುದರಿಂದ, ಒಂಟಿ ಮೋಡದ ಆಟ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ.

ರಾಯಚೂರು ಜಿಲ್ಲೆಯ ಮಸ್ಕಿಯ ಕಡೆ ನೋಡಿರಿ. ಏಪ್ರಿಲ್‌ನಲ್ಲಿ ಅಲ್ಲಿಯೂ ಗುಡುಗುತ್ತದೆ. ಆದರೆ ಮೋಡದ ತಳ ಎತ್ತರದಲ್ಲಿರುತ್ತದೆ, ಕೆಳಗಿನ ಗಾಳಿ ಒಣಗಿರುತ್ತದೆ. ಹನಿಗಳು ನೆಲ ಮುಟ್ಟುವ ಮೊದಲೇ ಆರಿ, ಬರೀ ಬಿರುಗಾಳಿ ಬೀಸಿ ಹೋಗುವುದುಂಟು. ಆದರೂ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಆ ಸೀಮೆಯ ರೈತನಿಗೆ ಗುಡುಗಿನ ಮೋಡವೇ ದೊಡ್ಡ ಆಸರೆ. ಮಲೆನಾಡಿನ ಆಷಾಢದ ಮಳೆ ಇದಕ್ಕೆ ತದ್ವಿರುದ್ಧ. ಕಡಲ ಗಾಳಿ ಘಟ್ಟಕ್ಕೆ ಒತ್ತಿ ಸುರಿಯುವ ಆ ಮೋಡಗಳು ಅಷ್ಟು ಎತ್ತರ ಬೆಳೆಯವು. ಹಿಮ ಕಡಿಮೆ, ಗುಡುಗೂ ಕಡಿಮೆ. ಹಗಲಿರುಳು ಸುರಿದರೂ ಆಗುಂಬೆಯಲ್ಲಿ ಆಗ ಗುಡುಗು ಅಪರೂಪ.

ಕಾಫಿಯ ಹೂಮಳೆ ಮಾತ್ರ ಗುಡುಗಿನ ಮಳೆಯೇ. ಒಂದು ಅಂಗುಲಕ್ಕೆ ಕಡಿಮೆಯಿಲ್ಲದೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಹೂ ಅರಳುತ್ತದೆ. ಅರೆಬರೆ ಹನಿದರೆ ಮೊಗ್ಗು ಎಚ್ಚೆತ್ತೂ ಸರಿಯಾಗಿ ಅರಳದೆ ಫಸಲಿಗೆ ಪೆಟ್ಟು. ಪಕ್ಕದ ಊರಿನ ಮಳೆಯ ಸುದ್ದಿ ನಂಬಿ ಕೂರಬೇಡಿರಿ. ತೋಟದ ಬಯಲಿನಲ್ಲಿ ಮಳೆಮಾಪಕ ಇಡಿರಿ. ಇಲ್ಲವಾದರೆ ತಳ ಸಮವಾದ, ನೇರ ಗೋಡೆಯ ಡಬ್ಬಿಯೊಂದನ್ನಿಟ್ಟು ನೀರನ್ನು ಅಳತೆಪಟ್ಟಿಯಿಂದ ಅಳೆಯಿರಿ. ಕಡಿಮೆ ಬಿದ್ದಿದ್ದರೆ, ನೀರಿದ್ದವರು ಸ್ಪ್ರಿಂಕ್ಲರ್‌ನಿಂದ ತಡಮಾಡದೆ ತುಂಬಿಸಬೇಕು. ಎಕರೆಗೆ ಒಂದು ಅಂಗುಲವೆಂದರೆ ಸುಮಾರು 1 ಲಕ್ಷ ಲೀಟರ್ ನೀರು; ಕೆರೆಯ ನೀರನ್ನು ಮೊದಲೇ ಲೆಕ್ಕ ಹಾಕಿರಿ. ಹೂವಾದ ಎರಡು ಮೂರು ವಾರಗಳಲ್ಲಿ ಬ್ಯಾಕಿಂಗ್ ಮಳೆಯೂ ಬೇಕೆಂಬುದನ್ನು ಮರೆಯಬಾರದು.

ಕೊನೆಯದಾಗಿ, ಪ್ರಾಣದ ಮಾತು. ಮಿಂಚಿದ ಮೇಲೆ ಗುಡುಗು ಕೇಳುವವರೆಗೆ ಎಣಿಸಿರಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಕೆಲಸ ನಿಲ್ಲಿಸಿ ಆಳುಗಳನ್ನು ಗಟ್ಟಿ ಕಟ್ಟಡದೊಳಗೆ ಕಳುಹಿಸಿರಿ. ಸಿಲ್ವರ್ ಓಕ್ ಅಥವಾ ಅಡಿಕೆ ಮರದಡಿ ನಿಲ್ಲಬಾರದು; ಅಲ್ಯೂಮಿನಿಯಂ ಏಣಿ, ಕಾರ್ಬನ್ ಫೈಬರ್ ದೋಟಿ ಹಿಡಿಯಬಾರದು. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯಲಿ. ನಿಂತ ಕೆಲಸ ನಾಳೆ ಮಾಡಬಹುದು. ಹೋದ ಜೀವ ಬಾರದು.